ಯಾವ ಫೋಟೊದಲ್ಲೂ ಇಲ್ಲದ ನರ್ಸಮ್ಮ

ಸ್ಟುಡಿಯೊದ ಒಳಕೋಣೆಯಲ್ಲಿ, ಬೆಳಕಿಗೆ ಎದುರಾಗಿ ಗಾಜಿನ ಹಲಗೆಯೊಂದನ್ನು ಓರೆಯಾಗಿ ನಿಲ್ಲಿಸಿಕೊಂಡು, ಅದರ ಮೇಲೆ ನೆಗೆಟಿವ್ ಇಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಊರಿನವರ ಮುಖಗಳನ್ನು ತಿದ್ದುತ್ತ ಬಂದವಳಾದ್ದರಿಂದ ಅವಳಿಗೆ ತಿದ್ದಕ್ಕ ಎಂಬ ಹೆಸರು ಬಿದ್ದಿತ್ತು. ಮೊಡವೆಯ ಕಲೆ, ಕಣ್ಣಿನ ಕೆಳಗಿನ ಕಪ್ಪು, ಹಣೆಯ ಗೆರೆ, ಎಲ್ಲವೂ ಅವಳ ಪೆನ್ಸಿಲ್ಲಿಗೆ ಹೆದರುತ್ತಿದ್ದವು. ಮುಂದೆ ಪೆನ್ಸಿಲ್ ಹೋಗಿ ಮೌಸ್ ಬಂತು, ಗಾಜಿನ ಹಲಗೆ ಹೋಗಿ ಕಂಪ್ಯೂಟರ್ ಬಂತು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಇಷ್ಟು ಕಾಲ ಮುಖಗಳಲ್ಲಿ ತಪ್ಪು ಹುಡುಕಿದವಳಿಗೆ ಮನುಷ್ಯರಲ್ಲೂ ತಪ್ಪು ಹುಡುಕುವ ಅಭ್ಯಾಸ ಅಂಟಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದೂ, ನಗದಿದ್ದರೆ ಇನ್ನೂ ಹೆಚ್ಚು ಬಿದ್ದಿದೆ ಎಂದೂ ಅವಳ ಎಣಿಕೆ. ಅಂಗಡಿಯವನು ತಕ್ಕಡಿ ಎತ್ತುವ ಮೊದಲೇ ಅವಳ ಕಣ್ಣು ಅವನ ಕಿರುಬೆರಳಿನ ಮೇಲಿರುತ್ತಿತ್ತು. ಬೀದಿಯವರು ಇದನ್ನು ಬಲ್ಲವರು. "ತಿದ್ದಕ್ಕ ಬರ್ತಿದ್ದಾಳೆ, ಏನೂ ತಪ್ಪು ಮಾಡದೆ ಇದ್ರೂ ಒಂದ್ಸಲ ನೆನಪು ಮಾಡ್ಕೊಳ್ಳಿ" ಎಂದು ನಗೆಯಾಡುತ್ತಿದ್ದರು. ಅವಳಿಗೆ ಬೇಸರವಿರಲಿಲ್ಲ. ಹಾಗೆ ನಕ್ಕವರು ಯಾಕೆ ನಕ್ಕರು ಎಂಬ ಸಣ್ಣ ಅನುಮಾನವೊಂದು ಮಾತ್ರ ಉಳಿಯುತ್ತಿತ್ತು.

ಎಲ್ಲರ ಕೈಗೂ ಫೋನು ಬಂದ ಮೇಲೆ ಸ್ಟುಡಿಯೊದ ಮೆಟ್ಟಿಲು ಹತ್ತುವವರು ಇಲ್ಲವಾದರು. ಬಾಡಿಗೆಯ ಕೋಣೆ ಬಿಡಬೇಕಾಯಿತು. ಕ್ಯಾಮೆರಾ ಹಿಡಿಯುತ್ತಿದ್ದವನು ಅವಳ ತಮ್ಮ. ನಡುವಯಸ್ಸು ದಾಟಿದರೂ ಅಕ್ಕನ ಮುಂದೆ ಕೈ ಹಿಂದೆ ಕಟ್ಟಿ ನಿಲ್ಲುವ ಮನುಷ್ಯ. ಅವನೇ ಓಡಾಡಿ, ಹಿರಿಯರನ್ನು ಬಸ್ಸಿನಲ್ಲಿ ಊರೂರು ಸುತ್ತಿಸುವ ಪ್ರವಾಸದ ಕಂಪನಿಯೊಂದರಲ್ಲಿ ಕೆಲಸ ಹಿಡಿದ. ದಾರಿಯುದ್ದಕ್ಕೂ ಅವನು ಫೋಟೊ ತೆಗೆಯಬೇಕು, ಅಕ್ಕ ಬಸ್ಸಿನಲ್ಲೇ ಅವನ್ನು ಆರಿಸಿ ತಿದ್ದಬೇಕು. ಕೊನೆಯ ಸಂಜೆ ವಸತಿಗೃಹದ ಹಾಲ್‌ನಲ್ಲಿ ದೊಡ್ಡ ಪರದೆಯ ಮೇಲೆ ಎಲ್ಲರಿಗೂ ತೋರಿಸಿ, ಒಬ್ಬೊಬ್ಬರಿಗೂ ಅವರವರ ಫೋಟೊಗಳ ಪೆನ್‌ಡ್ರೈವ್ ಕೊಡಬೇಕು.

ಹೊರಡುವ ದಿನ ಕಂಪನಿಯ ಮ್ಯಾನೇಜರ್ ಬಸ್ಸಿನ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ಇದು ನಿಮ್ಮ ಪರೀಕ್ಷೆ ಅಂದ್ಕೊಳ್ಳಿ. ಒಬ್ಬರೇ ಒಬ್ಬರು 'ನನ್ನ ಫೋಟೊ ಇಲ್ಲ' ಅಂದ್ರೂ ಮುಂದಿನ ಪ್ರವಾಸಕ್ಕೆ ಬೇರೆಯವರನ್ನ ನೋಡ್ಕೋತೀನಿ. ಆಮೇಲೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ."

ಈ ಕೆಲಸ ಕೈತಪ್ಪಿದರೆ ಹಿಂದಿರುಗಲು ಸ್ಟುಡಿಯೊ ಇರಲಿಲ್ಲ. ಆ ಕೋಣೆಯಲ್ಲಿ ಆಗಲೇ ಮೊಬೈಲ್ ರಿಪೇರಿಯವನು ಬೋರ್ಡು ಹಾಕಿಕೊಂಡು ಕುಳಿತಿದ್ದ.

ಬಸ್ಸಿನ ಕಟ್ಟಕಡೆಯ ಸೀಟು ತಿದ್ದಕ್ಕನದಾಯಿತು. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್, ಕಿಟಕಿಯ ಪರದೆಗೆ ಬಟ್ಟೆಯ ಕ್ಲಿಪ್ಪು. ಬಿಸಿಲು ಒಂದು ಸಲ ಎಡಗಡೆಯಿಂದ, ಒಂದು ಸಲ ಬಲಗಡೆಯಿಂದ ನುಗ್ಗುವ ಬಸ್ಸಿನಲ್ಲಿ ಬಣ್ಣ ಸರಿ ನೋಡುವುದು ಸುಲಭವಲ್ಲ. ನೆರಳಿನಲ್ಲಿ ಗೋಧಿಬಣ್ಣವಾಗಿ ಕಂಡ ಮುಖ ತಿರುವಿನಲ್ಲಿ ಕಾಮಾಲೆ ಹಿಡಿದಂತೆ ಕಾಣುತ್ತಿತ್ತು. ಆದ್ದರಿಂದ ಬಣ್ಣದ ಕೆಲಸವನ್ನು ಬಸ್ಸು ನಿಂತಾಗಷ್ಟೇ ಮಾಡುತ್ತಿದ್ದಳು. ಓಡುವಾಗ ಓರೆಯಾದದ್ದನ್ನು ನೆಟ್ಟಗೆ ಮಾಡುವುದು, ಅಂಚಿನಲ್ಲಿ ನುಸುಳಿದ ಅಪರಿಚಿತರ ಮೊಣಕೈಯನ್ನು ಕತ್ತರಿಸುವುದು. ಕ್ಯಾಮೆರಾದಿಂದ ಲ್ಯಾಪ್‌ಟಾಪಿಗೆ ಫೋಟೊ ಇಳಿಸುವುದು ತಮ್ಮನ ಪಾಲು. ಕೆಟ್ಟುಹೋದವನ್ನು ಅವನೇ ಮೊದಲು ಬೇರೆ ಮಾಡಿ ಎಸೆಯುತ್ತಿದ್ದ. ಲ್ಯಾಪ್‌ಟಾಪ್ ಹಳೆಯದು, ಅದರಲ್ಲಿ ಜಾಗ ಕಡಿಮೆ. ಎಸೆದದ್ದನ್ನು ಆಗಿಂದಾಗಲೇ ಪೂರ್ತಿ ಅಳಿಸದಿದ್ದರೆ ಮಾರನೆಯ ದಿನದ್ದಕ್ಕೆ ಎಡೆಯಿರುತ್ತಿರಲಿಲ್ಲ.

ಅರ್ಧ ಪ್ರವಾಸ ಮುಗಿದಿತ್ತು. ಕೆರೆಯ ದಂಡೆಯ ವಸತಿಗೃಹವೊಂದರಲ್ಲಿ ಎಲ್ಲರಿಗೂ ವಿಶ್ರಾಂತಿ. ತಿದ್ದಕ್ಕ ಊಟದ ಹಾಲ್‌ನ ಮೂಲೆಯಲ್ಲಿ ಕುಳಿತು, ಬಸ್ಸಿನ ಸೀಟುಗಳನ್ನು ಮುಂದಿನಿಂದ ಮನಸ್ಸಿನಲ್ಲೇ ನೆನೆಯುತ್ತ, ಒಬ್ಬೊಬ್ಬರ ಫೋಟೊ ಇದೆಯೇ ಎಂದು ನೋಡುತ್ತ ಬಂದಳು. ಕಿಟಕಿಯ ಪಕ್ಕದ ನರ್ಸಮ್ಮನ ಸರದಿ ಬಂದಾಗ ಅವಳ ಕೈ ನಿಂತಿತು.

ನರ್ಸಮ್ಮ ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದವರು. ದೊಡ್ಡ ಮೈಕಟ್ಟು, ದೊಡ್ಡ ದನಿ. ಬಸ್ಸಿನಲ್ಲಿ ಅವರು ನಕ್ಕರೆ ಡ್ರೈವರ್ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತಿದ್ದ. ಅವರ ಯಜಮಾನರು ಜಮೀನು ಅಳೆಯುವ ಸರ್ವೆಯರ್ ಆಗಿದ್ದವರು. ಕಡ್ಡಿಯಂಥ ಮೈ, ಬೀಗ ಹಾಕಿದಂಥ ಬಾಯಿ. ಸರ್ವೆಯರ್ ಫೋಟೊಗಳು ಬೇಕಾದಷ್ಟಿದ್ದವು: ಕೋಟೆಯ ಮೆಟ್ಟಿಲ ಮೇಲೆ ಒಬ್ಬರೇ, ತೋಟದಲ್ಲಿ ಒಬ್ಬರೇ, ದೋಣಿಯಲ್ಲಿ ಒಬ್ಬರೇ. ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಬಂದವರಂತೆ. ಎಲ್ಲರೂ ಸೇರಿದ ಗುಂಪಿನ ಫೋಟೊದ ಹಿಂದಿನ ಸಾಲಿನಲ್ಲಿ, ಎತ್ತರದವರ ಭುಜಗಳ ನಡುವೆ, ನರ್ಸಮ್ಮನ ತಲೆಗೂದಲು ಮಾತ್ರ ಕಾಣುತ್ತಿತ್ತು. ಬೇರೆ ಎಲ್ಲಿಯೂ ಅವರಿಲ್ಲ.

ಇದು ಹೇಗೆ ಸಾಧ್ಯ? ಕೋಟೆಯ ಮೆಟ್ಟಿಲ ಮೇಲೆ ಗಂಡ ಹೆಂಡತಿಯನ್ನು ನಿಲ್ಲಿಸಿ ತಮ್ಮ ಒಂದರ ಮೇಲೊಂದು ಫೋಟೊ ತೆಗೆದದ್ದನ್ನು ತಿದ್ದಕ್ಕ ಕಣ್ಣಾರೆ ಕಂಡಿದ್ದಳು. ತೆಗೆದ ಫೋಟೊ ಎಲ್ಲಿ ಹೋಯಿತು? ಯಾರೋ ತೆಗೆದುಹಾಕಿದ್ದಾರೆ. ಅದೂ ಆರಿಸಿ ಆರಿಸಿ.

ಅನುಮಾನ ಮೊದಲು ಹೋದದ್ದು ಸರ್ವೆಯರ್ ಕಡೆಗೆ. ಅದಕ್ಕೆ ಕಾರಣವಿತ್ತು. ಎರಡು ದಿನದ ಹಿಂದೆ ಅವರು ಬಸ್ಸಿನ ಹಿಂದಿನ ಸೀಟಿಗೆ ಬಂದು, ಸುತ್ತಮುತ್ತ ನೋಡಿ, ದನಿ ತಗ್ಗಿಸಿ ಕೇಳಿದ್ದರು.

"ಏನಮ್ಮ, ಈ ಯಂತ್ರದಲ್ಲಿ ಅಳಿಸಿಹಾಕಿದ್ದು ಮತ್ತೆ ಸಿಗುತ್ತಾ?"

"ಯಾಕೆ ಸಾರ್?"

"ಸುಮ್ಮನೆ ಕೇಳ್ದೆ."

"ಒಂದೊಂದು ಸಲ ಸಿಗುತ್ತೆ. ಒಂದೊಂದು ಸಲ ಇಲ್ಲ."

"ಹಾಗಾ" ಎಂದು ಅವರು ಕಿವಿ ಕೆರೆದುಕೊಂಡು ಹೋಗಿಬಿಟ್ಟಿದ್ದರು. ಆಗ ತಿದ್ದಕ್ಕನಿಗೆ ಅದು ವಿಚಿತ್ರವೆನಿಸಿತ್ತು. ಈಗ ಅಷ್ಟೂ ಅರ್ಥವಾದಂತೆ ಆಯಿತು. ಅಳಿಸಿದವನಿಗಲ್ಲದೆ ಬೇರೆ ಯಾರಿಗೆ ಬೇಕು ಆ ವಿಚಾರ? ಹೆಂಡತಿಯ ಮುಖ ಕಂಡರಾಗದ ಗಂಡಂದಿರು ಲೋಕದಲ್ಲಿ ಇಲ್ಲವೇ? ಸ್ಟುಡಿಯೊದಲ್ಲಿ ಅಂಥವರನ್ನು ಅವಳು ನೋಡಿದ್ದಳು. ಜೋಡಿ ಫೋಟೊ ತಂದು, ನನ್ನನ್ನು ಮಾತ್ರ ಬೇರೆ ಮಾಡಿಕೊಡಿ ಎಂದು ಕೇಳಿದವರು.

ಅಂದಿನಿಂದ ಊಟಕ್ಕೆ ಹೋಗುವಾಗಲೂ ಲ್ಯಾಪ್‌ಟಾಪನ್ನು ಶಾಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಡ್ರೈವರ್ ನಕ್ಕ.

"ಏನು ತಿದ್ದಕ್ಕ, ಮಗೂನ ಎತ್ಕೊಂಡಂಗೆ ಎತ್ಕೊಂಡಿದೀರಿ. ಹಾಲು ಕುಡೀತಾ?"

"ನಿನ್ನ ಸೀಟಿನ ಹತ್ರ ಚಾರ್ಜಿಗೆ ಹಾಕಿದ್ದಾಗ ಇದನ್ನ ಯಾರಾದ್ರೂ ಮುಟ್ಟಿದ್ರೇನಪ್ಪಾ?"

"ನಾನು ಮುಟ್ಟಿಲ್ಲ. ಮುಟ್ಟಿದ್ರೆ ನಿಮ್ಮ ಕಣ್ಣೇ ನನ್ನ ಸುಟ್ಟುಹಾಕ್ತಿತ್ತು."

ಇಷ್ಟು ಚುರುಕಾಗಿ ಉತ್ತರ ಬಂದದ್ದರಿಂದ ಡ್ರೈವರನ ಮೇಲೂ ಒಂದಿಷ್ಟು ಅನುಮಾನ ಹುಟ್ಟಿತು.

ಕಾವಲು ಕಾದದ್ದಷ್ಟೇ ಬಂತು. ಮಾರನೆಯ ದಿನ ಜಲಪಾತದ ಹತ್ತಿರ ಮತ್ತೆ ಅದೇ ಕಥೆ. ತಮ್ಮ ನರ್ಸಮ್ಮನ ಫೋಟೊ ತೆಗೆದದ್ದನ್ನು ಅವಳು ನೋಡಿದಳು, ಅವರ ನಗು ನೀರಿನ ಸದ್ದನ್ನೂ ಮೀರಿ ಕೇಳಿಸಿತು. ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ನರ್ಸಮ್ಮ ಇಲ್ಲ. ಬೆಳಗಿನಿಂದ ಅದನ್ನು ಮುಟ್ಟಿದ ಕೈಗಳು ಎರಡೇ ಜೋಡಿ. ಒಂದು ತನ್ನದು, ಇನ್ನೊಂದು ತಮ್ಮನದು.

ಇಷ್ಟು ವರ್ಷ ತಿದ್ದಕ್ಕ ಊರನ್ನೆಲ್ಲ ಅನುಮಾನಿಸಿದ್ದಳು, ತಮ್ಮನನ್ನು ಮಾತ್ರ ಬಿಟ್ಟಿದ್ದಳು. ಈಗ ಮನಸ್ಸು ಹಿಂದಿನದೆಲ್ಲವನ್ನೂ ಕೆದಕಿತು. ಬಸ್ಸು ನಿಂತಾಗಲೆಲ್ಲ ಇವನು ಫೋನು ಹಿಡಿದು ದೂರ ಹೋಗುತ್ತಾನಲ್ಲ, ಯಾರ ಜೊತೆ ಮಾತು? ಮ್ಯಾನೇಜರ್ ಜೊತೆಯೇ ಗುಸುಗುಸುವೇ? ಅಕ್ಕನಿಗೆ ವಯಸ್ಸಾಯಿತು, ಕಣ್ಣು ಮಂಜಾಯಿತು, ಫೋಟೊ ಕಳೆದುಹಾಕುತ್ತಾಳೆ ಎಂದು ತೋರಿಸಿಕೊಟ್ಟರೆ ಅವಳ ಜಾಗಕ್ಕೆ ಕಂಪ್ಯೂಟರ್ ಕಲಿತ ಯಾರನ್ನಾದರೂ ಕೂರಿಸಬಹುದಲ್ಲ.

ಅವನನ್ನು ಕರೆದು, ಏನೂ ತಿಳಿಯದವಳಂತೆ ಕೇಳಿದಳು. "ಏನೋ, ನರ್ಸಮ್ಮನ ಫೋಟೊ ತೆಗೆದ್ಯಾ ಇವತ್ತು?"

"ತೆಗೆದೆ ಅಕ್ಕ."

"ಎಲ್ಲಿದೆ?"

"ನಿನ್ನ ಹತ್ರಾನೇ ಇರ್ಬೇಕಲ್ಲ."

"ನನ್ನ ಹತ್ರ ಇಲ್ಲ."

"ಹಾಗಾದ್ರೆ ನೀನೇ ಬೇಡ ಅಂತ ತೆಗೆದಿರ್ತೀಯ."

"ನಾನಾ?"

"ಮತ್ತೆ ನಾನಾ? ಅವರ ಫೋಟೊ ಕದ್ದು ನಾನೇನು ಮಾಡ್ಲಿ, ಮನೇಲಿ ದೇವರ ಪಕ್ಕ ತೂಗುಹಾಕ್ಲಾ?"

ಅವನು ನಗುತ್ತ ಹೋದ. ಕಳ್ಳರು ಹೀಗೆಯೇ ನಗುತ್ತಾರೆ ಎಂದುಕೊಂಡಳು ತಿದ್ದಕ್ಕ. ಹಾಗೆಂದುಕೊಂಡವಳು ಊಟದ ತಟ್ಟೆಯನ್ನು ಹಾಗೆಯೇ ಪಕ್ಕಕ್ಕೆ ಸರಿಸಿದಳು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಇವನೇ ಹೀಗೆ ಮಾಡಿದ್ದಾನೆ ಎಂದಾದರೆ ಅವನನ್ನು ಎಲ್ಲಿಂದ ಹುಡುಕಿ ತರುವುದು?

ಮರುದಿನ ಬಸ್ಸು ಹೊರಟ ಮೇಲೆ ಅವಳು ತಲೆನೋವೆಂದು ಹೇಳಿ, ಶಾಲನ್ನು ಮುಖದ ಮೇಲೆ ಹೊದ್ದು, ಕಿಟಕಿಗೆ ಒರಗಿದಳು. ಶಾಲಿನ ನೇಯ್ಗೆ ಸಡಿಲವಾಗಿತ್ತು. ಒಳಗಿನಿಂದ ಎಲ್ಲವೂ ಕಾಣುತ್ತಿತ್ತು. ತಮ್ಮ ಪಕ್ಕದಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದ. ಕ್ಯಾಮೆರಾದ ಕಾರ್ಡು ಹಾಕಿದ. ಬೆಳಗಿನ ಫೋಟೊಗಳು ಸಾಲಾಗಿ ಇಳಿದವು. ಆಮೇಲೆ ಅವನು ಎಲ್ಲೋ ಒತ್ತಿದ. ಪರದೆಯ ಮೇಲೆ ಫೋಟೊಗಳು ತಾವಾಗಿಯೇ ಎರಡು ಗುಂಪಾದವು. ಎರಡನೆಯ ಗುಂಪನ್ನು ಅವನು ತೆರೆದು ಕೂಡ ನೋಡದೆ, ಕಸದ ಬುಟ್ಟಿಯ ಕಡೆಗೆ ಎಳೆದ.

ಶಾಲಿನೊಳಗಿಂದ ಕೈಯೊಂದು ಬಂದು ಅವನ ಮಣಿಕಟ್ಟು ಹಿಡಿಯಿತು.

"ಬಿಡು ಮೌಸು."

ಅವನು ಬೆಚ್ಚಿಬಿದ್ದ. "ಏನಕ್ಕ, ಹೆದರಿಸ್ಬಿಟ್ಟೆ. ತಲೆನೋವು ಅಂದೆ?"

"ತಲೆನೋವು ಈಗ ಶುರುವಾಯ್ತು. ಅದನ್ನ ತೆಗಿ."

"ಅದು ಬೇಡದ್ದು."

"ಬೇಡದ್ದನ್ನೇ ತೆಗಿ."

ತೆಗೆದ. ಪರದೆಯ ತುಂಬ ನರ್ಸಮ್ಮ. ಹೂವಿನ ಪಾತಿಯ ಹತ್ತಿರ ನರ್ಸಮ್ಮ, ಕಲ್ಲುಬೆಂಚಿನ ಮೇಲೆ ಗಂಡನ ಪಕ್ಕ ನರ್ಸಮ್ಮ, ಕೊಡೆ ಹಿಡಿದ ನರ್ಸಮ್ಮ. ಎಲ್ಲದರಲ್ಲೂ ನಗು. ಕೆನ್ನೆಗಳೆರಡೂ ಮೇಲಕ್ಕೇರಿ ಕಣ್ಣುಗಳನ್ನು ನುಂಗಿಹಾಕಿದ್ದವು. ರೆಪ್ಪೆಯ ಜಾಗದಲ್ಲಿ ಎರಡು ಗೆರೆ, ಅಷ್ಟೇ.

"ಕಣ್ಣು ಮುಚ್ಚಿರೋದು ಅಕ್ಕ" ಎಂದ ತಮ್ಮ. "ಇದಕ್ಕೇ ಒಂದು ಪ್ರೋಗ್ರಾಂ ಹಾಕಿಸಿದ್ದೆ ನೋಡು. ಒಬ್ಬರು, ಇಬ್ಬರು ಇರೋ ಫೋಟೊದಲ್ಲಿ ಕಣ್ಣು ಮುಚ್ಚಿದ್ರೆ ಅದೇ ಬೇರೆ ಮಾಡುತ್ತೆ. ಕಣ್ಣು ಮುಚ್ಚಿದ್ದನ್ನ ನೋಡೋದೂ ಬೇಡ, ನೇರ ಕಸಕ್ಕೆ ಹಾಕು ಅಂತ ನೀನೇ ಅಲ್ವಾ ನನಗೆ ಕಲಿಸಿದ್ದು?"

ಹೌದು, ಅವಳೇ. ಸ್ಟುಡಿಯೊದ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಣ್ಣು ಮುಚ್ಚಿದ ಅಜ್ಜನೊಬ್ಬರ ಫೋಟೊವನ್ನು ಅವಳು ತಿಳಿಯದೆ ಕಟ್ಟು ಹಾಕಿಸಿ ಕಳುಹಿಸಿಬಿಟ್ಟಿದ್ದಳು. ಅಜ್ಜನ ಸೊಸೆ ಅದನ್ನು ಹಿಡಿದುಕೊಂಡು ಸ್ಟುಡಿಯೊಗೆ ಬಂದು, ಬದುಕಿರುವ ಮಾವನನ್ನು ಹೆಣ ಮಾಡಿದಿರಲ್ಲ ಎಂದು ಬೀದಿಯವರನ್ನೆಲ್ಲ ಸೇರಿಸಿದ್ದಳು. ಅಂದಿನಿಂದ ಕಣ್ಣು ಮುಚ್ಚಿದ ಫೋಟೊ ಎಂದರೆ ತಿದ್ದಕ್ಕನಿಗೆ ಆಗದು. ತಮ್ಮ ಆ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ್ದ.

ಅವನ ಮುಖವನ್ನೇ ಅವಳು ನೋಡಿದಳು. ಮುಖ ಓದುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಅಲ್ಲಿ ಗಾಬರಿ ಇತ್ತು, ಕಪಟವಿರಲಿಲ್ಲ. ಆದರೂ ಬಾಯಿ ಸುಮ್ಮನಿರಲಿಲ್ಲ.

"ಬಸ್ಸು ನಿಂತಾಗೆಲ್ಲ ಫೋನು ಹಿಡ್ಕೊಂಡು ಎಲ್ಲಿಗೆ ಹೋಗ್ತೀಯ?"

"ಮನೆಗೆ ಮಾಡ್ತೀನಿ. ನಿನ್ನ ಮುಂದೆ ಮಾಡಿದ್ರೆ ನಿನ್ನ ಹೆಂಡತಿ ಏನಂದ್ಲು, ಯಾಕಂದ್ಲು ಅಂತ ನನ್ನನ್ನೇ ಕೇಳ್ತೀಯ. ಅವಳೂ ನಿನ್ನ ಬಗ್ಗೆ ಅದನ್ನೇ ಕೇಳ್ತಾಳೆ." ಅವನು ಸ್ವಲ್ಪ ತಡೆದು ಅಂದ: "ನನ್ನ ಮೇಲೂ ಅನುಮಾನ ಬಂತಾ ಅಕ್ಕ?"

ತಿದ್ದಕ್ಕ ಕ್ಲಿಪ್ಪು ತೆಗೆದು ಕಿಟಕಿಯ ಪರದೆ ಸರಿಸಿ ಹೊರಗೆ ನೋಡಿದಳು.

ಈಗ ಕಷ್ಟ ಎರಡಾಯಿತು. ಹಿಂದಿನ ದಿನಗಳ ಫೋಟೊಗಳು ಅಳಿದುಹೋಗಿದ್ದವು. ಕಾರ್ಡಿನ ಮೇಲೆ ಮತ್ತೆ ಮತ್ತೆ ಹೊಸದು ತೆಗೆದದ್ದರಿಂದ ಅಲ್ಲಿಯೂ ಸಿಗುವ ಹಾಗಿರಲಿಲ್ಲ. ಉಳಿದದ್ದು ಅಂದಿನವು ಮಾತ್ರ. ಅವೂ ಕಣ್ಣು ಮುಚ್ಚಿದವು. ನರ್ಸಮ್ಮ ಇಲ್ಲದಿದ್ದರೂ ಕೆಲಸ ಹೋಗುತ್ತದೆ, ಕಣ್ಣು ಮುಚ್ಚಿದ ನರ್ಸಮ್ಮ ಇದ್ದರೂ ಹೋಗಬಹುದು.

ಕೊನೆಯ ಊರಿಗೆ ಬಂದ ಮೇಲೆ ತಿದ್ದಕ್ಕ ತನಗೆ ಗೊತ್ತಿದ್ದ ದಾರಿ ಹಿಡಿದಳು. ಪ್ರವಾಸದ ಗುರುತಿನ ಚೀಟಿಗೆ ನರ್ಸಮ್ಮ ಕೊಟ್ಟ ಪುಟ್ಟ ಫೋಟೊದಲ್ಲಿ ಕಣ್ಣುಗಳು ತೆರೆದಿದ್ದವು. ಅವನ್ನು ಎತ್ತಿ, ನಗುವ ಮುಖಕ್ಕೆ ಕೂರಿಸಿದಳು. ಅಂಚು ಮಸುಕು ಮಾಡಿದಳು, ನೆರಳು ಕೊಟ್ಟಳು, ಬಣ್ಣ ಹೊಂದಿಸಿದಳು. ಎಲ್ಲಿಯೂ ಜೋಡಣೆ ಕಾಣದಷ್ಟು ಚೊಕ್ಕ ಕೆಲಸ. ಆದರೆ ನೋಡುತ್ತ ನೋಡುತ್ತ ಅವಳಿಗೇ ಅದರ ಮೇಲೆ ನಂಬಿಕೆ ಹುಟ್ಟಲಿಲ್ಲ. ಬಾಯಿ ನಗುತ್ತಿತ್ತು, ಕಣ್ಣು ಅರ್ಜಿ ಬರೆಯುತ್ತಿತ್ತು.

ಅಷ್ಟರಲ್ಲಿ ಹಿಂದಿನಿಂದ ಯಾರೋ ಬಗ್ಗಿದರು. ಸರ್ವೆಯರ್. ಕನ್ನಡಕ ಏರಿಸಿ ನೋಡಿ, "ಚೆನ್ನಾಗಿ ಬಂದಿದೆ" ಎಂದರು. "ಯಾರಿವರು? ನಮ್ಮ ಬಸ್ಸಲ್ಲಿ ಇದ್ದಾರಾ?"

ಇನ್ನೂ ತಿದ್ದದ ಮೂಲ ಫೋಟೊವನ್ನು ತಿದ್ದಕ್ಕ ಮೆಲ್ಲಗೆ ಪಕ್ಕದಲ್ಲಿ ತೆರೆದಳು. ಬೀಗ ಹಾಕಿದಂಥ ಬಾಯಿ ಮೊದಲ ಸಲ ಸಡಿಲವಾಯಿತು.

"ಓ, ಇವಳಾ. ಮದುವೆ ಆದಾಗಿಂದ ನಾನೂ ಹುಡುಕ್ತಾನೇ ಇದ್ದೀನಿ ಕಣಮ್ಮ, ಇವಳು ನಕ್ಕಾಗ ಕಣ್ಣು ಎಲ್ಲಿಗೆ ಹೋಗುತ್ತೆ ಅಂತ. ಸಿಕ್ಕಿಲ್ಲ."

ಅವಳು ಅವರ ಕಡೆ ತಿರುಗಿ ಕುಳಿತಳು. "ಸಾರ್, ಅವತ್ತು ಅಳಿಸಿದ್ದು ಸಿಗುತ್ತಾ ಅಂತ ಕೇಳಿದ್ರಲ್ಲ. ನಿಜ ಹೇಳಿ, ಯಾಕೆ ಕೇಳಿದ್ರಿ?"

ಸರ್ವೆಯರ್ ಮತ್ತೆ ಸುತ್ತಮುತ್ತ ನೋಡಿ, ಜೇಬಿನಿಂದ ಫೋನು ತೆಗೆದರು. "ಇವಳಿಗೆ ಹೇಳ್ಬೇಡಿ. ಜಾಗ ಇಲ್ಲ ಇಲ್ಲ ಅಂತ ಇದು ಕೂಗ್ತಾ ಇತ್ತು. ಏನೋ ಒತ್ತಿದೆ. ಮೊದಲ ದಿನದಿಂದ ತೆಗೆದಿದ್ದೆಲ್ಲ ಹೋಯ್ತು. ಎಲ್ಲಾ ಅವಳದ್ದೇ. ಊರಿಗೆ ಹೋದ್ಮೇಲೆ ತೋರಿಸಿ ಅಂದ್ರೆ ಏನು ತೋರಿಸ್ಲಿ? ನಿಮ್ಮನ್ನ ಕೇಳೋಣ ಅಂದ್ರೆ, ನೀವು ನನ್ನನ್ನ ಕಳ್ಳನ್ನ ನೋಡೋ ಹಾಗೆ ನೋಡಿದ್ರಿ."

ಕೆಲವು ಫೋನುಗಳು ಅಳಿಸಿದ್ದನ್ನು ಒಂದಷ್ಟು ಕಾಲ ಒಳಗೆ ಬಚ್ಚಿಟ್ಟುಕೊಂಡಿರುತ್ತವೆ ಎಂಬುದು ತಿದ್ದಕ್ಕನಿಗೆ ಗೊತ್ತಿತ್ತು. ಹುಡುಕಿದಳು. ಇದ್ದವು. ಕೋಟೆ, ತೋಟ, ದೋಣಿ, ಎಲ್ಲೆಲ್ಲೂ ನರ್ಸಮ್ಮ ಕಣ್ಣಿಲ್ಲದೆ ನಗುತ್ತಿದ್ದರು. ಆದರೆ ಜನ್ಮವಿಡೀ ನೆಲವನ್ನು ನೆಟ್ಟಗೆ ಅಳೆದ ಮನುಷ್ಯ ತೆಗೆದ ಫೋಟೊಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಕೋಟೆ ಬೀಳುವಂತಿತ್ತು, ದೋಣಿ ತೇಲುತ್ತಿದ್ದ ಕೆರೆಯ ನೀರು ಒಂದು ಬದಿಗೆ ಹರಿದುಹೋಗುವಂತಿತ್ತು.

"ಇವನ್ನ ನಾನು ಸ್ವಲ್ಪ ಇಟ್ಕೋಬಹುದಾ ಸಾರ್?"

"ಅವಳಿಗೆ ಗೊತ್ತಾಗದ ಹಾಗೆ" ಎಂದರು ಸರ್ವೆಯರ್.

ಆ ಮಧ್ಯಾಹ್ನವಿಡೀ ಕೂತು ಅವಳು ಕೋಟೆಯನ್ನು ನಿಲ್ಲಿಸಿದಳು, ಕೆರೆಯನ್ನು ಸಮ ಮಾಡಿದಳು. ನರ್ಸಮ್ಮನ ಮುಖವನ್ನು ಮುಟ್ಟಲಿಲ್ಲ. ತಮ್ಮ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ.

"ಅಕ್ಕ, ಎಲ್ಲಾದ್ರಲ್ಲೂ ಕಣ್ಣು ಮುಚ್ಚಿದೆ. ಮ್ಯಾನೇಜರ್ ನೋಡಿದ್ರೆ ಇವರಿಗೆ ಕೆಲಸಾನೇ ಬರಲ್ಲ ಅಂತಾನೆ. ನೀನು ಕಣ್ಣು ಕೂರಿಸಿದ್ದು ಇದೆಯಲ್ಲ, ಅದನ್ನೇ ಹಾಕು."

"ಅದನ್ನ ಅವರ ಗಂಡನೇ ಗುರುತು ಹಿಡೀಲಿಲ್ಲ ಕಣೋ."

ಸಂಜೆ ಹಾಲ್‌ನಲ್ಲಿ ಬೆತ್ತದ ಕುರ್ಚಿಗಳು ತುಂಬಿದವು. ಪರದೆಯ ಮೇಲೆ ಒಬ್ಬೊಬ್ಬರೇ ಬಂದರು, ಹೋದರು. ತಿದ್ದಕ್ಕ ಪರದೆಯನ್ನು ನೋಡಲಿಲ್ಲ. ಕೊನೆಯ ಸಂಜೆಗೆಂದು ಬಂದು ಗೋಡೆಗೆ ಒರಗಿ ನಿಂತ ಮ್ಯಾನೇಜರ್ ಮುಖವನ್ನೇ ನೋಡುತ್ತಿದ್ದಳು. ನರ್ಸಮ್ಮನ ಮೊದಲ ಫೋಟೊ ಬಂದಾಗ ಅವನ ಹುಬ್ಬು ಗಂಟಾಯಿತು. ಎರಡನೆಯದಕ್ಕೆ ಅವನು ಗೋಡೆ ಬಿಟ್ಟು ಅವಳ ಹತ್ತಿರ ಬಂದ.

"ಏನಮ್ಮ ಇದು, ಎಲ್ಲಾದ್ರಲ್ಲೂ ಕಣ್ಣು ಮುಚ್ಚಿದ್ದಾರಲ್ಲ. ಒಂದು ಒಳ್ಳೇದು ಸಿಗ್ಲಿಲ್ವಾ?"

"ಸ್ವಲ್ಪ ಆ ಕಡೆ ತಿರುಗಿ ನೋಡಿ" ಎಂದಳು ತಿದ್ದಕ್ಕ. ದನಿ ಗಟ್ಟಿಯಾಗಿತ್ತು. "ಅಲ್ಲಿ ಕೂತಿದ್ದಾರಲ್ಲ, ಅವರ ಕಣ್ಣು ತೆರೆದಿದೆಯಾ?"

ಮ್ಯಾನೇಜರ್ ತಿರುಗಿದ. ನರ್ಸಮ್ಮ ತಮ್ಮನ್ನು ತಾವೇ ಪರದೆಯ ಮೇಲೆ ನೋಡಿ, ಕುರ್ಚಿ ಕಿರುಗುಟ್ಟುವಂತೆ ನಗುತ್ತಿದ್ದರು. ಪರದೆಯ ಮೇಲಿನ ಮುಖವೂ ಕುರ್ಚಿಯ ಮೇಲಿನ ಮುಖವೂ ಒಂದೇ.

"ರೀ, ನನಗೆ ಏನೂ ಕಾಣಿಸ್ತಿಲ್ಲ, ಏನು ಬಂತು ಹೇಳ್ರೀ" ಎಂದು ಅವರು ಗಂಡನ ತೋಳು ಅಲುಗಿಸಿದರು.

"ನೀನೇ ಬಂದಿದ್ದೀಯ. ಅವಳಿಗೂ ಏನೂ ಕಾಣ್ತಿಲ್ಲ" ಎಂದರು ಸರ್ವೆಯರ್.

ಹಾಲ್‌ಗೆ ಹಾಲೇ ನಕ್ಕಿತು. ಮ್ಯಾನೇಜರ್ ಮಾತ್ರ ನಗಲಿಲ್ಲ. ಪೆನ್‌ಡ್ರೈವ್‌ಗಳನ್ನು ಹಂಚಿ ಮುಗಿದ ಮೇಲೆ ಕುರ್ಚಿಗಳ ನಡುವೆ ನಿಂತು, "ಯಾರಿಗಾದ್ರೂ ಏನಾದ್ರೂ ಕೊರತೆ ಇದ್ರೆ ಈಗಲೇ ಹೇಳಿಬಿಡಿ" ಎಂದು ಕೇಳಿದ. ಯಾರೂ ಹೇಳಲಿಲ್ಲ. ಸರ್ವೆಯರ್ ಒಬ್ಬರೇ ಕೈ ಎತ್ತಿದರು.

"ನನ್ನವು ಜಾಸ್ತಿ ಇವೆ. ಕಡಿಮೆ ಮಾಡಿಸಿ."

ಮ್ಯಾನೇಜರ್ ಹೋಗುವಾಗ ಬಾಗಿಲಲ್ಲಿ ತಿರುಗಿ, "ಮುಂದಿನ ವಾರ ಇನ್ನೊಂದು ಗುಂಪು ಹೊರಡುತ್ತೆ. ಇಬ್ಬರೂ ಬಂದ್ಬಿಡಿ" ಎಂದ. ತಮ್ಮನ ಮುಖ ಅರಳಿತು. ಇಷ್ಟು ಬೇಗ ಒಪ್ಪಿದನಲ್ಲ, ಒಳಗೇನಿದೆಯೋ ಎಂದು ತಿದ್ದಕ್ಕ ಕೋಣೆ ಸೇರುವವರೆಗೂ ಯೋಚಿಸಿದಳು.

ಮುಂದಿನ ವಾರ ಅದೇ ಬಸ್ಸು, ಹೊಸ ಮುಖಗಳು. ತಮ್ಮ ಕಾರ್ಡು ಹಾಕಿ ಫೋಟೊ ಇಳಿಸಿದ. ಪ್ರೋಗ್ರಾಂ ಎರಡು ಗುಂಪು ಮಾಡಿತು. ಬೇಡದ ಗುಂಪನ್ನು ಎಳೆಯುವ ಮೊದಲು ಅವನು ಅಕ್ಕನ ಕಡೆ ನೋಡಿದ. ಅವಳು ಆಗಲೇ ಕನ್ನಡಕ ಒರೆಸಿ ಹಾಕಿಕೊಂಡು ಅವನ ಭುಜದ ಮೇಲಿಂದ ಬಗ್ಗಿದ್ದಳು.

"ಒಂದೊಂದೇ ತೆಗಿ. ನಾನು ನೋಡ್ಬೇಕು."

"ನನ್ನ ಮೇಲೆ ಇನ್ನೂ ನಂಬಿಕೆ ಬಂದಿಲ್ವಾ ಅಕ್ಕ?"

"ನಿನ್ನ ಮೇಲೆ ಇದೆಯಪ್ಪ. ಈ ಯಂತ್ರದ ಮೇಲಿಲ್ಲ."

ಅವನು ಅವಳ ಮುಖವನ್ನು ಒಂದು ಗಳಿಗೆ ನೋಡಿದ. ಈ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಅಕ್ಕನ ತಿದ್ದುಪಡಿ ಎಂದು ಅವನಿಗೆ ಅನುಮಾನ ಬಂದಿತ್ತು. ಆದರೂ ಸ್ವಲ್ಪ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟು, ಮೊದಲ ಫೋಟೊ ತೆರೆದ.